ಮೂರನೆಯ ಮಹಡಿಯ ಡಕ್ಟ್

ಕಟ್ಟಡದ ವ್ಯಾಜ್ಯ ನಡೆಸುವ ವಕೀಲರು ಕಟ್ಟಡ ನೋಡುವುದು ಅಪರೂಪ. ನಮ್ಮ ಕೈಗೆ ಬರುವುದು ಕಾಗದ. ಕರಾರು ಪತ್ರ, ನಕ್ಷೆ, ಅಳತೆ ಪುಸ್ತಕ, ರನ್ನಿಂಗ್ ಬಿಲ್ಲು, ಎಕ್ಸ್‌ಟ್ರಾ ಐಟಂಗಳ ಪಟ್ಟಿ, ಜಗಳವಾದ ಮೇಲೆ ಕಳಿಸಿದ ನೋಟೀಸು. ಇಪ್ಪತ್ತು ವರ್ಷದಿಂದ ನಾನು ಇವನ್ನೇ ಓದುತ್ತಾ ಬಂದಿದ್ದೇನೆ.

ಈ ಕೆಲಸವನ್ನು ನಾನು ಬಯಸಿ ಹಿಡಿದದ್ದಲ್ಲ. ಗಾಂಧಿನಗರದ ಒಂದು ಆಫೀಸಿಗೆ ಜೂನಿಯರ್ ಆಗಿ ಸೇರಿದೆ. ಸೀನಿಯರ್ ಹತ್ತಿರ ಕಂಟ್ರಾಕ್ಟರುಗಳ ಕಡತ ಬಹಳ ಇದ್ದವು. ಉಳಿದ ಜೂನಿಯರುಗಳಿಗೆ ಅವು ಬೇಡ. ಅಳತೆ ಪುಸ್ತಕದ ಪುಟ ಪುಟವನ್ನೂ ಕೂಡಿಸಿ ಕಳೆದು ನೋಡಬೇಕು. ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೆ. ಅವೆಲ್ಲ ನನ್ನ ಪಾಲಿಗೆ ಬಂದವು.

1983ರ ಸೆಪ್ಟೆಂಬರಿನಲ್ಲಿ ಕಪಾಲಿ ಚಿತ್ರಮಂದಿರದ ಪಕ್ಕ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಆಗ ನಮ್ಮ ಸೀನಿಯರ್ ಹೊಸ ವಕೀಲರು. ಅಲ್ಲಿಗೆ ಹೋಗಿ ನೋಡಿ ಬಂದಿದ್ದರು. ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ನನಗೆ ಮೊದಲ ಕಡತ ಕೊಟ್ಟಾಗ, "ಒಂದು ಸಲ ಸೈಟಿಗೆ ಹೋಗಿ ಬಾಮ್ಮ, ಆಮೇಲೆ ಡ್ರಾಫ್ಟ್ ಮಾಡು" ಅಂದರು. ಅಂದಿನಿಂದ ನಾನು ಸೈಟಿಗೆ ಹೋಗುತ್ತಿದ್ದೆ. ಅದಕ್ಕೇ ಇರಬೇಕು, ಕೋರ್ಟು ಕಮಿಷನರ್ ಬೇಕಾದಾಗ ನನ್ನ ಹೆಸರು ಬರತೊಡಗಿತು.

ಕಮಿಷನರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ, ಕೋರ್ಟು ತಾನು ಹೋಗಿ ನೋಡಲಾಗದ್ದನ್ನು ನೋಡಿ ಬರಲು ಒಬ್ಬರನ್ನು ಕಳಿಸುತ್ತದೆ. ಹೆಚ್ಚಾಗಿ ವಕೀಲರನ್ನು. ಎರಡೂ ಕಡೆಗೆ ನೋಟೀಸು ಕೊಟ್ಟು, ಅವರ ಎದುರಿಗೇ ಅಳೆದು, ಸ್ಥಳದಲ್ಲೇ ಬರೆದು, ಸಹಿ ಹಾಕಿಸಿಕೊಂಡು ವರದಿ ಕೊಡಬೇಕು. ಅದಕ್ಕೊಂದು ಫೀಸು. ಅಷ್ಟೆ.

2019ರ ಆಗಸ್ಟಿನಲ್ಲಿ ಅಂಥ ಒಂದು ಆದೇಶ ಬಂತು. ನಗರದ ಉತ್ತರ ಭಾಗದ ಒಂದು ಬಡಾವಣೆ. ಸೆಲ್ಲಾರು, ನೆಲಮಹಡಿ, ಮೇಲೆ ನಾಲ್ಕು ಮಹಡಿ. ಕೆಲಸ ಅರ್ಧಕ್ಕೆ ನಿಂತು ಎರಡು ಮಳೆಗಾಲ ಕಳೆದಿತ್ತು. ಮಾಡಿದ ಕೆಲಸಕ್ಕೆ ದುಡ್ಡು ಬಂದಿಲ್ಲ ಎಂದು ಕಂಟ್ರಾಕ್ಟರ್ ದಾವೆ. ಕೆಲಸವೇ ಕಳಪೆ ಎಂದು ಮಾಲೀಕರ ತಕರಾರು. ಗೇಟಿಗೆ ಎರಡು ಬೀಗ ಇದ್ದವು, ಒಂದು ಮಾಲೀಕರದು, ಒಂದು ಕಂಟ್ರಾಕ್ಟರದು. ಸೈಟು ತನ್ನ ಸ್ವಾಧೀನದಲ್ಲಿಲ್ಲ, ಆ ಕಡೆಯವರ ಸ್ವಾಧೀನದಲ್ಲಿದೆ ಎಂದು ಇಬ್ಬರೂ ಬರೆದುಕೊಟ್ಟಿದ್ದರು. ಕಾವಲಿಗಿದ್ದ ಕುಟುಂಬಕ್ಕೆ ಸಂಬಳ ಕೊಡಬೇಕಾದವರು ಯಾರು ಎಂಬುದೂ ವ್ಯಾಜ್ಯದಲ್ಲಿ ಸೇರಿತ್ತು. ಆ ಕುಟುಂಬ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯದು. ಗಂಡ, ಹೆಂಡತಿ, ಒಂದು ಮಗು. ತಗಡಿನ ಶೆಡ್ಡಿನಲ್ಲಿದ್ದರು.

ಶನಿವಾರ ಬೆಳಿಗ್ಗೆ ಎರಡೂ ಬೀಗ ತೆಗೆಸಿ ಒಳಗೆ ಹೋದೆವು. ನನ್ನ ಜೊತೆ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರ್ ಇದ್ದರು. ಸೆಲ್ಲಾರಿನಿಂದ ಶುರು ಮಾಡಿದೆವು. ಎರಡು ಕಂಬಗಳ ಬುಡದಲ್ಲಿ ಕಾಂಕ್ರೀಟು ಸರಿಯಾಗಿ ಕೂತಿರಲಿಲ್ಲ. ಜಲ್ಲಿಯ ನಡುವೆ ಬೆರಳು ಹೋಗುವಷ್ಟು ಸಂದು. ಎಂಜಿನಿಯರ್ ಒಂದು ಕಂಬದ ಮೂಲೆಯನ್ನು ಉಳಿಯಿಂದ ಕೆತ್ತಿಸಿ, ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿದರು. ಒಳಭಾಗ ಗುಲಾಬಿ ಬಣ್ಣಕ್ಕೆ ತಿರುಗಿತು. ಹೊರಗಿನ ಅಂಚು ತಿರುಗಲಿಲ್ಲ. ಬಣ್ಣ ಬರದ ಕಡೆ ಕಾಂಕ್ರೀಟು ಕಬ್ಬಿಣವನ್ನು ತುಕ್ಕಿನಿಂದ ಕಾಯುವುದಿಲ್ಲ. ಆ ಅಂಚನ್ನು ಸ್ಕೇಲಿನಲ್ಲಿ ಅಳೆದು ಹೇಳಿದರು, ಬರೆದುಕೊಂಡೆ. ಎರಡೂ ಕಡೆಯ ವಕೀಲರು ಸಹಿ ಹಾಕಿದರು.

ಮೂರನೆಯ ಮಹಡಿಗೆ ಬರುವಾಗ ಮಧ್ಯಾಹ್ನವಾಗಿತ್ತು. ಟೇಪಿನ ಒಂದು ತುದಿ ಕಾವಲಿನವನ ಕೈಯಲ್ಲಿ, ಇನ್ನೊಂದು ಎಂಜಿನಿಯರ್ ಕೈಯಲ್ಲಿ. ನಾನು ಬರೆಯುತ್ತಿದ್ದೆ. ಬಚ್ಚಲಿನ ಪಕ್ಕದ ಕಿರಿದಾದ ಜಾಗ. ಒಂದು ಕಡೆಯ ವಕೀಲರು ಮುಂದೆ ಹೋಗಲು ದಾರಿ ಕೇಳಿದರು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.

ಅಲ್ಲಿ ನೀರಿನ ಪೈಪುಗಳಿಗೆ ಬಿಟ್ಟಿದ್ದ ಡಕ್ಟ್ ಇತ್ತು. ಸುಮಾರು ಮೂರಡಿಗೆ ನಾಲ್ಕಡಿ. ಅದರ ಮೇಲೆ ಸೆಂಟ್ರಿಂಗ್ ಪ್ಲೈವುಡ್ ಹಾಳೆ ಮುಚ್ಚಿದ್ದರು. ಎರಡು ಮಳೆಗಾಲ ನೆಂದ ಹಾಳೆ. ಮೇಲೆ ಧೂಳು, ಸಿಮೆಂಟಿನ ಪುಡಿ, ಒಡೆದ ಟೈಲಿನ ಚೂರು. ನೋಡಲು ನೆಲದ ಹಾಗೇ ಇತ್ತು.

ಬೀಳುವಾಗ ಏನನ್ನಿಸಿತು ಎಂದು ಜನ ಕೇಳುತ್ತಾರೆ. ಏನೂ ಅನ್ನಿಸಲಿಲ್ಲ. ಅಷ್ಟು ಹೊತ್ತು ಇರಲಿಲ್ಲ. ಎರಡನೆಯ ಮಹಡಿಗಿಂತ ಸ್ವಲ್ಪ ಕೆಳಗೆ ಯಾರೋ ಹಿಂದೆ ಸಾರ್ವೆ ಕಟ್ಟಿ ಬಿಚ್ಚದೆ ಬಿಟ್ಟಿದ್ದರು. ಅಡ್ಡಡ್ಡ ಕಂಬ, ಮೇಲೆರಡು ಹಲಗೆ. ಎಡಗಾಲಿನ ಹಿಮ್ಮಡಿ ಮೊದಲು ತಾಗಿತು. ಆಮೇಲೆ ಕೂತಂತೆ ಬಿದ್ದೆ. ಉಸಿರು ಬರಲಿಲ್ಲ. ಉಸಿರು ಬಂದ ಮೇಲೆ ಮೊದಲು ಯೋಚಿಸಿದ್ದು, ಕಂಬ ತಡೆಯುತ್ತದೆಯೇ ಎಂದು. ಕೆಳಗೆ ಇನ್ನೂ ಸೆಲ್ಲಾರಿನ ತನಕ ಖಾಲಿ ಇತ್ತು. ಒಂದು ಹಲಗೆ ಸೀಳಿತ್ತು. ನನಗೆ ಅದು ಕಾಣುತ್ತಿತ್ತು. ಬಹಳ ಭಯವಾಯಿತು. ಕೂಗಲಿಲ್ಲ. ಕೂಗಿದರೆ ಅಲುಗಾಡಬಹುದು ಎನ್ನಿಸಿತು.

ಎರಡನೆಯ ಮಹಡಿಯಿಂದ ಡಕ್ಟಿಗೆ ಒಂದು ಸಣ್ಣ ಬಾಗಿಲಿನಷ್ಟು ಜಾಗ ಬಿಟ್ಟಿದ್ದರು. ಅಲ್ಲಿಗೆ ಎಲ್ಲರೂ ಓಡಿ ಬಂದರು. ಯಾರೋ ಕೈ ಚಾಚಿ, ಕೈ ಕೊಡಿ ಮೇಡಂ, ಎಳೆದುಕೊಳ್ಳುತ್ತೇವೆ ಎಂದರು. ನಾನು ಕೈ ಎತ್ತಿದೆ. ಕಾವಲಿನವನು ಅವರನ್ನು ಪಕ್ಕಕ್ಕೆ ತಳ್ಳಿದ.

"ಅಕ್ಕಾರ, ಅಲ್ಲಾಡಬ್ಯಾಡ್ರಿ. ಹಂಗ ಇರ್ರಿ. ಕೈ ಹಿಡದು ಎಳದ್ರ ನಡ ಹೋಗ್ತದ. ನಮ್ಮ ತಮ್ಮಗ ಹಂಗ ಮಾಡಿದ್ರು."

ಅವನೇ ಒಳಗೆ ಇಳಿದ. ಮೊದಲು ಹಲಗೆಯ ಕೆಳಗಿನ ಕಂಬವನ್ನು ಇನ್ನೊಂದು ಕಂಬಕ್ಕೆ ಹಗ್ಗದಿಂದ ಬಿಗಿದ. ಆಮೇಲೆ, ಇನ್ನೂ ಕೂರಿಸದೆ ಗೋಡೆಗೆ ಒರಗಿಸಿದ್ದ ಫ್ಲಶ್ ಡೋರ್ ಒಂದನ್ನು ತರಿಸಿದ. ಅವನ ಹೆಂಡತಿ ಎರಡು ಹಳೆಯ ಸೀರೆ ತಂದಳು. ನನ್ನನ್ನು ಬಾಗಿಲಿನ ಮೇಲೆ ನೆಟ್ಟಗೆ ಮಲಗಿಸಿ, ಸೀರೆಯಿಂದ ಎದೆ, ತೊಡೆ, ಕಾಲು ಕಟ್ಟಿದರು. ಆಕೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು. "ಯವ್ವಾ, ಆತು, ಇಷ್ಟ" ಎಂದು ಹೇಳುತ್ತಲೇ ಇದ್ದಳು. ರಸ್ತೆಯಲ್ಲಿ ಜಲ್ಲಿ ರಾಶಿ ಇದ್ದುದರಿಂದ 108 ಆಂಬುಲೆನ್ಸ್ ಒಳಗೆ ಬರಲಿಲ್ಲ. ಮುಖ್ಯರಸ್ತೆಯ ತನಕ ಬಾಗಿಲಿನ ಮೇಲೇ ಹೊತ್ತರು. ದಾವೆಯಲ್ಲಿ ಎದುರುಬದುರಾಗಿದ್ದ ಇಬ್ಬರು ವಕೀಲರೂ ಆ ಬಾಗಿಲಿಗೆ ಹೆಗಲು ಕೊಟ್ಟಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಕಾಲ್ಬೆರಳು ಅಲ್ಲಾಡಿಸಿ ಎಂದರು. ಬಲಗಾಲಿನವು ಅಲ್ಲಾಡಿದವು. ಎಡಗಾಲಿನವು ಅಲ್ಲಾಡಿದವು ಎಂದೇ ನಾನು ತಿಳಿದಿದ್ದೆ. ಇನ್ನೊಮ್ಮೆ ಮಾಡಿ ಎಂದರು. ಆಗ ಗೊತ್ತಾಯಿತು.

ಸೊಂಟದ ಮೊದಲನೆಯ ಮಣಿ ಒಡೆದು, ಅದರ ಚೂರು ಒಳಗೆ ನರದ ಮೇಲೆ ಒತ್ತುತ್ತಿತ್ತು. ಎಡ ಹಿಮ್ಮಡಿಯೂ ಒಡೆದಿತ್ತು. ಎತ್ತರದಿಂದ ಕಾಲೂರಿ ಬಿದ್ದವರಿಗೆ ಈ ಎರಡೂ ಒಟ್ಟಿಗೇ ಆಗುವುದು ಸಾಮಾನ್ಯವಂತೆ. ಮರುದಿನ ಬೆನ್ನಿಗೆ ಸ್ಕ್ರೂ, ರಾಡು ಹಾಕಿದರು. ಆಪರೇಷನ್ ಮಾಡುವ ಮೊದಲು ಡಾಕ್ಟರು ನನಗೆ ಸುಳ್ಳು ಹೇಳಲಿಲ್ಲ. ನಡೆಯಬಹುದು, ನಡೆಯದೆಯೂ ಇರಬಹುದು, ಮೂತ್ರದ ಹತೋಟಿ ಎಷ್ಟು ಬರುತ್ತದೆಂದು ಈಗಲೇ ಹೇಳಲಾಗದು ಎಂದರು. ಅವರು ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು.

ಆಮೇಲಿನ ವಾರಗಳ ಬಗ್ಗೆ ಹೇಳಲು ಬಹಳ ಇಲ್ಲ. ಎರಡೆರಡು ಗಂಟೆಗೆ ನರ್ಸುಗಳು ನನ್ನನ್ನು ಮಗ್ಗುಲಾಗಿಸುತ್ತಿದ್ದರು. ಮಗ್ಗುಲಾಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪ್ರತಿ ಸಲ ನೋವು. ರಾತ್ರಿ ನಿದ್ದೆ ಬರುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಬೆಳಗಿನ ಜಾವ ಅಳುತ್ತಿದ್ದೆ. ಪಕ್ಕದ ಮಂಚದ ಅಜ್ಜಿಗೆ ಅದು ಗೊತ್ತಿತ್ತು, ಒಂದು ದಿನವೂ ಏನೂ ಕೇಳಲಿಲ್ಲ. ಕ್ಯಾತೆಟರ್ ತೆಗೆದ ದಿನ ಏನಾಗುತ್ತದೋ ಎಂದು ನನಗಿದ್ದ ಹೆದರಿಕೆ ಆಪರೇಷನ್ನಿಗೂ ಇರಲಿಲ್ಲ.

ಎಂಜಿನಿಯರ್ ಬಂದಿದ್ದರು. ಅಂದು ನಾನು ಬರೆದ ಹಾಳೆಗಳನ್ನೆಲ್ಲ ಆರಿಸಿ, ಲಕೋಟೆಯಲ್ಲಿ ಹಾಕಿ, ಎರಡೂ ಕಡೆಯವರಿಂದ ಅಂಟಿನ ಮೇಲೆ ಸಹಿ ಹಾಕಿಸಿ ತಂದಿದ್ದರು. ಒಂದು ಹಾಳೆಯಲ್ಲಿ ಬೂಟಿನ ಗುರುತು ಇತ್ತು.

ಕಾವಲಿನವನೂ ಹೆಂಡತಿಯೂ ಒಂದು ಭಾನುವಾರ ಬಂದರು. ಮೋಸಂಬಿ ತಂದಿದ್ದರು. ಆಗ ತಮ್ಮನ ವಿಷಯ ಹೇಳಿದ. 2018ರ ಏಪ್ರಿಲಿನಲ್ಲಿ ಇದೇ ಬೆಂಗಳೂರಿನಲ್ಲಿ, ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿ ಬಿದ್ದನಂತೆ. ಕೈಕಾಲು ಹಿಡಿದು ಎತ್ತಿ ಟಾಟಾ ಏಸಿನಲ್ಲಿ ಹಾಕಿದರಂತೆ. ಬಿದ್ದಾಗ ಕಾಲು ಅಲ್ಲಾಡಿಸುತ್ತಿದ್ದ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಇಲ್ಲ. ಕಂಟ್ರಾಕ್ಟರ್ ಆಸ್ಪತ್ರೆ ಬಿಲ್ಲು ಕಟ್ಟಿ, ಊರಿಗೆ ಗಾಡಿ ಮಾಡಿ ಕಳಿಸಿದ. ಅಷ್ಟೇ. ಆಗ ನಾನು ಮಲಗಿದಲ್ಲೇ ಕೇಳಿಸಿಕೊಂಡೆ.

ವಿಮೆಗೆ ಅರ್ಜಿ ಹಾಕುವಾಗ ನನ್ನ ಆಸ್ಪತ್ರೆಯ ಕಡತ ಪೂರ್ತಿ ಓದಿದೆ. ಅಪಘಾತದ ಕೇಸಾದ್ದರಿಂದ ಎಂ.ಎಲ್.ಸಿ. ದಾಖಲೆ ಇತ್ತು. ಅದರಲ್ಲಿ 'ಕರೆತಂದವರು' ಎಂಬ ಕಲಂ. ಕಾವಲಿನವನ ಹೆಸರು, ಫೋನ್ ನಂಬರು. ಸಂಬಂಧ ಎಂಬಲ್ಲಿ 'ಪರಿಚಿತ' ಎಂದು ಬರೆದಿತ್ತು.

ವಾಕರ್ ಹಿಡಿದು ನಿಂತ ಮೇಲೆ ವರದಿ ಸಿದ್ಧ ಮಾಡಿದೆ. ಒಂದು ವಿಷಯಕ್ಕೆ ಬಹಳ ಯೋಚಿಸಬೇಕಾಯಿತು. ಡಕ್ಟಿನ ಬಗ್ಗೆ ಬರೆಯಬೇಕೇ ಬೇಡವೇ? ಕಟ್ಟಡದ ಸ್ಥಿತಿ ಬರೆಯಿರಿ ಎಂದು ಕೋರ್ಟು ಹೇಳಿದೆ. ಡಕ್ಟೂ ಕಟ್ಟಡದ ಸ್ಥಿತಿಯೇ. ಹೀಗೆ ಬರೆದೆ: ಮೂರನೆಯ ಮಹಡಿಯ ಡಕ್ಟಿಗೆ ತಡೆ ಇಲ್ಲ, ಪ್ಲೈವುಡ್ ಹಾಳೆ ಮುಚ್ಚಲಾಗಿತ್ತು, ಪರಿಶೀಲನೆಯ ವೇಳೆ ಹಾಳೆ ಮುರಿದಿದೆ. ಯಾರು ಬಿದ್ದರು ಎಂದು ಬರೆಯಲಿಲ್ಲ.

ಎರಡೂ ಕಡೆಯವರು ವರದಿಗೆ ಆಕ್ಷೇಪಣೆ ಸಲ್ಲಿಸಿದರು. ಅದು ರೂಢಿ. 2020ರ ಫೆಬ್ರವರಿಯಲ್ಲಿ ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದರು. ನ್ಯಾಯಾಧೀಶರು ಕುರ್ಚಿ ಹಾಕಿಸಿದರು. ಪಾಟೀ ಸವಾಲು ಮಾಡಿದವರು, ಅಂದು ಬಾಗಿಲು ಹೊತ್ತವರಲ್ಲಿ ಒಬ್ಬರು. ಅಪಘಾತದ ಕಾರಣಕ್ಕೆ ತಮ್ಮ ಕಕ್ಷಿದಾರರ ಮೇಲೆ ದ್ವೇಷವಿಟ್ಟು ವರದಿ ಬರೆದಿದ್ದೀರಿ ಎಂದು ಸೂಚಿಸಿದರು. "ದ್ವೇಷದಿಂದ ವರದಿ ಕೊಟ್ಟಿದ್ದೇನೆ ಎಂದರೆ ಸರಿಯಲ್ಲ" ಎಂದು ನನ್ನ ಹೇಳಿಕೆ ಬರೆದುಕೊಂಡರು. ಅವರು ಅವರ ಕೆಲಸ ಮಾಡಿದರು. ಹೊರಗೆ ಬಂದ ಮೇಲೆ ಕಾಫಿ ತರಿಸಿಕೊಟ್ಟರು. ಕುಡಿದೆ.

ಆ ಸೈಟಿನ ಮೇಲೆ ನಾನೇ ಪರಿಹಾರದ ದಾವೆ ಹೂಡಬಹುದಿತ್ತು. ಸ್ನೇಹಿತರು ಹೇಳಿದರು, ಮನೆಯಲ್ಲೂ ಹೇಳಿದರು. ಹೂಡಲಿಲ್ಲ. ಮಾಲೀಕರು ಏನು ಹೇಳುತ್ತಾರೆ, ಕಂಟ್ರಾಕ್ಟರ್ ಏನು ಹೇಳುತ್ತಾರೆ ಎಂದು ನನಗೆ ಮೊದಲೇ ಗೊತ್ತಿತ್ತು. ಸೈಟು ತನ್ನದಲ್ಲ ಎಂದು ಇಬ್ಬರೂ ಆಗಲೇ ಪ್ರಮಾಣಪತ್ರ ಕೊಟ್ಟಿದ್ದರು. ಕರಾರಿನಲ್ಲಿ ಸುರಕ್ಷತೆಯ ಕಲಂ ಇತ್ತು. ಕೆಲಸ ನಡೆಯುವಾಗ ಕಂಟ್ರಾಕ್ಟರ್ ಜವಾಬ್ದಾರಿ, ಸೈಟು ಒಪ್ಪಿಸಿದ ಮೇಲೆ ಮಾಲೀಕರದು. ಕೆಲಸ ನಿಂತು, ಒಪ್ಪಿಸದೆ, ಎರಡು ಬೀಗ ಬಿದ್ದ ಕಾಲಕ್ಕೆ ಆ ಕಲಂನಲ್ಲಿ ಏನೂ ಇರಲಿಲ್ಲ. ಅದನ್ನು ತೀರ್ಮಾನಿಸಲು ಹತ್ತು ವರ್ಷ ಬೇಕು. ನನಗೆ ವಿಮೆ ಇತ್ತು, ಗಂಡನ ಸಂಬಳ ಇತ್ತು. ನಿಲ್ಲುವುದನ್ನು ಕಲಿಯುವುದೇ ಆಗ ದೊಡ್ಡ ಕೆಲಸವಾಗಿತ್ತು.

ಮಾರ್ಚಿನಲ್ಲಿ ಕೋರ್ಟುಗಳು ಮುಚ್ಚಿದವು. ಮೇ ತಿಂಗಳಲ್ಲಿ ಮೆಜೆಸ್ಟಿಕ್‌ನಿಂದ ಕೂಲಿಯವರಿಗೆ ಉಚಿತ ಬಸ್ಸು ಬಿಟ್ಟಾಗ ಕಾವಲಿನವನು ಫೋನ್ ಮಾಡಿದ. ಊರಿಗೆ ಹೊರಟಿದ್ದೇವೆ ಎಂದ. ಆಮೇಲೆ ಆ ನಂಬರು ಕೆಲಸ ಮಾಡಲಿಲ್ಲ.

ಮೂಲ ದಾವೆ ಮರುವರ್ಷ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ರಾಜಿ ಅರ್ಜಿ ಮೂರು ಪುಟ. ಒಂದು ಮೊತ್ತ, ಎರಡು ಕಂತು, ಸೆಂಟ್ರಿಂಗ್ ಸಾಮಾನು ತೆಗೆದುಕೊಂಡು ಹೋಗಲು ಒಂದು ತಾರೀಖು. ನನ್ನ ವರದಿಯನ್ನು ಯಾರೂ ಓದಬೇಕಾಗಿ ಬರಲಿಲ್ಲ.

ನಾನು ಕೆಲಸಕ್ಕೆ ಮರಳಿದೆ. ಎಡ ಪಾದದಲ್ಲಿ ಇಂದಿಗೂ ಅರ್ಧ ಸ್ಪರ್ಶವಿಲ್ಲ. ಚಪ್ಪಲಿ ಕಳಚಿ ಬಿದ್ದರೂ ಕೆಲವು ಸಲ ತಿಳಿಯುವುದಿಲ್ಲ. ಮೂತ್ರದ ಅರಿವು ಪೂರ್ತಿ ಬಂದಿಲ್ಲ. ಗಡಿಯಾರ ನೋಡಿಕೊಂಡು ಹೋಗಿ ಬರುತ್ತೇನೆ. ವಾದದ ನಡುವೆ ಹೋಗಲಾಗದು, ಆದ್ದರಿಂದ ಬೆಳಿಗ್ಗೆ ನೀರು ಕುಡಿಯುವುದಿಲ್ಲ. ಡಾಕ್ಟರು ಇದಕ್ಕೆ ಬೈಯುತ್ತಾರೆ.

2022ರ ಮಾರ್ಚಿನಲ್ಲಿ ಹೊಸ ನಂಬರಿನಿಂದ ಫೋನ್ ಬಂತು. "ಅಕ್ಕಾರ, ನಡದಾಡಾಕತ್ತೀರೇನ್ರಿ?" ಎಂದ. ನಡೆಯುತ್ತಿದ್ದೇನೆ ಎಂದೆ. ತಮ್ಮ ಹೇಗಿದ್ದಾನೆ ಎಂದು ಕೇಳಿದೆ. ಅದಾನ್ರಿ, ಎಂದ.

ದಿನ ಲೆಕ್ಕ ಹಾಕಿದೆ. ನೌಕರರ ಪರಿಹಾರ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷದ ಗಡುವು ಇತ್ತು. ಅವನು ಬಿದ್ದದ್ದು 2018ರ ಏಪ್ರಿಲ್, ಗಡುವು ಮುಗಿದದ್ದು 2020ರ ಏಪ್ರಿಲ್. ಆದರೆ ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ವರೆಗಿನ ಕಾಲವನ್ನು ಎಲ್ಲ ಗಡುವುಗಳ ಲೆಕ್ಕದಿಂದ ಬಿಟ್ಟು, ಮಾರ್ಚ್ 1ರಿಂದ 90 ದಿನ ಕೊಟ್ಟಿತ್ತು. ಮೇ ಕೊನೆಯ ತನಕ ಸಮಯವಿತ್ತು.

ದೇವದುರ್ಗಕ್ಕೆ ಹೋದೆ. ಹುಡುಗ ಮಂಚದ ಮೇಲಿದ್ದ. ಸೊಂಟದಿಂದ ಕೆಳಗೆ ಏನೂ ಇಲ್ಲ. ಮಂಚದ ಕೆಳಗೆ ಮೂತ್ರದ ಚೀಲ. ಬೆನ್ನ ಕೆಳಗೆ ಒಂದು ಹುಣ್ಣು, ಅದಕ್ಕೆ ತಾಯಿ ಬಟ್ಟೆ ಕಟ್ಟಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲಾಗಿಸಬೇಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಹೇಗೆ ಹಿಡಿಯಬೇಕೆಂದು ತೋರಿಸಿದೆ. ಅರ್ಜಿಯ ಮಾತು ಆಮೇಲೆ ಆಡಿದೆವು.

ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎನ್ನಲು ಒಂದು ಚೀಟಿಯೂ ಇರಲಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲ. ಭಾನುವಾರದ ಬಟವಾಡೆಯನ್ನು ಮೇಸ್ತ್ರಿ ಜೇಬಿನ ಪುಸ್ತಕದಲ್ಲಿ ಬರೆಯುತ್ತಿದ್ದನಂತೆ, ಆ ಮೇಸ್ತ್ರಿ ಎಲ್ಲಿದ್ದಾನೋ ತಿಳಿಯದು. ನನ್ನ ಕಡತದ ನೆನಪಾಯಿತು. ಹುಡುಗನ ಹೆಸರಿನಲ್ಲಿ ಆಸ್ಪತ್ರೆಗೆ ಬರೆದು ಎಂ.ಎಲ್.ಸಿ. ದಾಖಲೆಯ ನಕಲು ತರಿಸಿದೆ. 'ಕರೆತಂದವರು' ಕಲಂನಲ್ಲಿ ಸೈಟ್ ಸೂಪರ್‌ವೈಸರ್ ಹೆಸರು, ಜೊತೆಗೆ ಪ್ರಾಜೆಕ್ಟಿನ ಹೆಸರು ಇತ್ತು. ಅರ್ಜಿದಾರ ವಾಸವಿರುವ ಕಡೆಯೇ ಕೇಸು ಹಾಕಲು ಕಾಯ್ದೆ ಬಿಡುತ್ತಿತ್ತು. ರಾಯಚೂರಿನಲ್ಲಿ ಹಾಕಿದೆ. ಕಂಟ್ರಾಕ್ಟರ್ ಮೇಲೆ, ಹಾಗೂ 12ನೇ ಕಲಂ ಪ್ರಕಾರ ಅಪಾರ್ಟ್‌ಮೆಂಟ್ ಕಟ್ಟಿಸಿದ ಬಿಲ್ಡರ್ ಮೇಲೆ.

ಬಿಲ್ಡರ್ ತಕರಾರು ಸಲ್ಲಿಸಿದರು. ಅವನು ನಮ್ಮ ನೌಕರನಲ್ಲ. ಅಲ್ಲದೆ ಬಿದ್ದ ದಿನ, 2018ರ ಏಪ್ರಿಲ್ 15, ಭಾನುವಾರ, ಅಂದು ಸೈಟಿನಲ್ಲಿ ಕೆಲಸವೇ ಇರಲಿಲ್ಲ.

ಹುಡುಗ ಹೇಳುತ್ತಿದ್ದುದು ಬೇರೆ. ಅಂದು ಸ್ಲ್ಯಾಬ್ ಇತ್ತು ಎನ್ನುತ್ತಿದ್ದ. ಸ್ಲ್ಯಾಬ್ ಹಾಕಿದ ದಿನ ಅದೇ ಕಾಂಕ್ರೀಟಿನಿಂದ 150 ಮಿಲಿಮೀಟರಿನ ಕ್ಯೂಬುಗಳನ್ನು ಎರಕ ಹೊಯ್ದು ನೀರಿನಲ್ಲಿಡುತ್ತಾರೆ. 28 ದಿನಕ್ಕೆ ಯಂತ್ರದಲ್ಲಿ ಒಡೆದು ಬಲ ನೋಡುತ್ತಾರೆ. ಆ ವರದಿಯಲ್ಲಿ ಎರಕ ಹೊಯ್ದ ತಾರೀಖು ಇರಲೇಬೇಕು. ಅದೇ ಅಪಾರ್ಟ್‌ಮೆಂಟಿನ ಕೆಲವು ಫ್ಲ್ಯಾಟುಗಳವರು ಸೋರಿಕೆಯ ಬಗ್ಗೆ ರೇರಾಕ್ಕೆ ದೂರು ಕೊಟ್ಟಿದ್ದರು. ತಮ್ಮ ಕಾಂಕ್ರೀಟು ಗಟ್ಟಿ ಎಂದು ತೋರಿಸಲು ಬಿಲ್ಡರ್ ಅಲ್ಲಿ ಕ್ಯೂಬು ಪರೀಕ್ಷೆಯ ವರದಿಗಳ ಕಟ್ಟನ್ನೇ ಹಾಜರುಪಡಿಸಿದ್ದರು. ದೃಢೀಕೃತ ನಕಲು ಪಡೆದೆ. ಏಪ್ರಿಲ್ 15ರ ಹಾಳೆ ಅದರಲ್ಲಿತ್ತು. ಐದನೆಯ ಮಹಡಿಯ ಸ್ಲ್ಯಾಬ್, ಮೂರು ಕ್ಯೂಬು, ಫಲಿತಾಂಶ ತೃಪ್ತಿಕರ. ಕೆಳಗೆ ಸಹಿ ಹಾಕಿದವರು ಹುಡುಗನನ್ನು ಆಸ್ಪತ್ರೆಗೆ ಕರೆತಂದಿದ್ದ ಅದೇ ಸೂಪರ್‌ವೈಸರ್.

2024ರಲ್ಲಿ ತೀರ್ಪು ಬಂತು. ದಿನಕ್ಕೆ 550 ರೂಪಾಯಿ ಸಿಗುತ್ತಿತ್ತು ಎಂದು ಹುಡುಗ ಹೇಳಿದ್ದ. ಆದರೆ 2018ರಲ್ಲಿ ಕಾಯ್ದೆ ಒಪ್ಪುತ್ತಿದ್ದ ತಿಂಗಳ ಸಂಬಳದ ಮಿತಿ 8,000. ಅದನ್ನು 15,000ಕ್ಕೆ ಏರಿಸಿದ್ದು 2020ರ ಜನವರಿಯಲ್ಲಿ. ಬಿದ್ದಾಗ ಅವನಿಗೆ 25 ವರ್ಷ. ಆ ವಯಸ್ಸಿಗೆ ಗುಣಕ 216.91. 8,000ದ ಶೇಕಡಾ 60ನ್ನು ಅದರಿಂದ ಗುಣಿಸಿದರೆ 10,41,168 ರೂಪಾಯಿ. ಮೇಲೆ ಶೇಕಡಾ 12 ಬಡ್ಡಿ.

ಬಿಲ್ಡರ್ ಮೇಲ್ಮನವಿ ಹಾಕಿದ್ದಾರೆ. ಅದಕ್ಕೆ ಮೊದಲು ಪೂರ್ತಿ ಮೊತ್ತ ಠೇವಣಿ ಇಡಬೇಕು, ಇಟ್ಟಿದ್ದಾರೆ. ಪ್ರಕರಣ ಹೈಕೋರ್ಟಿನ ಕಲಬುರಗಿ ಪೀಠದಲ್ಲಿದೆ. ನನಗೆ ಬಹಳ ಹೊತ್ತು ಕೂರಲಾಗುವುದಿಲ್ಲ, ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಮಲಗಿಕೊಂಡೇ ಹೋಗುತ್ತೇನೆ. ಠೇವಣಿಯಲ್ಲಿ ಅರ್ಧವನ್ನಾದರೂ ಈಗಲೇ ಬಿಡುಗಡೆ ಮಾಡಿ ಎಂದು ಅರ್ಜಿ ಹಾಕಿದ್ದೇವೆ. ಹುಣ್ಣಿಗೆ ಆಪರೇಷನ್ ಆಗಬೇಕಾಗಿದೆ, ಅದರ ಅಂದಾಜು ಪಟ್ಟಿಯನ್ನು ಅರ್ಜಿಯ ಜೊತೆ ಲಗತ್ತಿಸಿದ್ದೇನೆ. ಎದುರು ವಕೀಲರು ಆಕ್ಷೇಪಣೆ ಸಲ್ಲಿಸಲು ಸಮಯ ಕೇಳಿದ್ದಾರೆ.